ಪಿಸುಮಾತಿನ ಮನೆಗೆ ಬಂದ ಡ್ರಮ್ಮು

ಆ ಮನೆಯಲ್ಲಿ ಜಗಳಗಳೆಲ್ಲ ಪಿಸುಮಾತಿನಲ್ಲೇ ನಡೆಯುತ್ತಿದ್ದವು. ಹೊಸಬರು ಯಾರಾದರೂ ದೂರದಿಂದ ನೋಡಿದರೆ, ಅತ್ತೆ ಸೊಸೆ ತಲೆಗೆ ತಲೆ ತಾಗಿಸಿಕೊಂಡು ಏನೋ ಗುಟ್ಟು ಹಂಚಿಕೊಳ್ಳುತ್ತಿದ್ದಾರೆ, ಇದ್ದರೆ ಹೀಗಿರಬೇಕು ಎಂದುಕೊಳ್ಳುತ್ತಿದ್ದರು. ಹತ್ತಿರ ಹೋದರೆ, ಸೀದುಹೋದ ಆಲೂಗಡ್ಡೆಯ ಸಲುವಾಗಿ ಇಬ್ಬರೂ ಒಬ್ಬರನ್ನೊಬ್ಬರು ಹರಿದು ಮುಕ್ಕುತ್ತಿರುವುದು ತಿಳಿಯುತ್ತಿತ್ತು. ಆ ಮನೆಯ ಪಾತ್ರೆಗಳು ಬಟ್ಟೆ ಹಾಸಿದ ಕಟ್ಟೆಯ ಮೇಲೆಯೇ ಕೂರಬೇಕು. ಕುಕ್ಕರು ಕೂಗುವ ಮೊದಲೇ ಒಲೆ ಆರಬೇಕು. ಬಾಗಿಲ ಸಂದಿಯಲ್ಲಿ ಹಳೆಯ ಕಾಲುಚೀಲ ಸಿಕ್ಕಿಸಿರಬೇಕು. ಸೀನು ಬಂದವರು ಹಿತ್ತಲಿಗೆ ಓಡಬೇಕು.

ಕಾರಣ ಇಷ್ಟೇ. ಮನೆಯ ಯಜಮಾನ ಬೇಕರಿಯಲ್ಲಿ ರಾತ್ರಿಪಾಳಿಯ ಕೆಲಸಗಾರ. ಊರು ಮಲಗಿದ ಮೇಲೆ ಹೋಗಿ ಹಿಟ್ಟು ಕಲಸುವ ಯಂತ್ರದ ಪಕ್ಕ ನಿಂತು, ಬೆಳಕು ಹರಿಯುವ ಹೊತ್ತಿಗೆ ಒಲೆಯಿಂದ ಬ್ರೆಡ್ಡು ತೆಗೆದು, ಆಕಾರ ಕೆಟ್ಟ ಒಂದೆರಡನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿದ್ದ. ತಿಂದು ಮಲಗಿದರೆ ಸಂಜೆಯವರೆಗೆ ಅವನ ರಾತ್ರಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಬಕೆಟ್ಟು ಬಿದ್ದ ಸದ್ದಿಗೆ ಎದ್ದು ಬಂದು ಒಂದು ಮಾತು ಗದರಿದ್ದನಂತೆ. ಅಂದೇ ಅವನ ತಾಯಿ ಕಾಯಿದೆ ಹೊರಡಿಸಿದರು: ನನ್ನ ಮಗ ಬೆಂಕಿಯ ಮುಂದೆ ನಿಲ್ಲುವವನು, ನಿದ್ದೆಗೆಟ್ಟರೆ ಕೈ ಸುಟ್ಟುಕೊಳ್ಳುತ್ತಾನೆ, ಈ ಮನೆಯಲ್ಲಿ ಹಗಲು ಹೊತ್ತು ಯಾರೂ ಧ್ವನಿ ಎತ್ತಕೂಡದು. ಗದರಿದವನು ಮರುದಿನವೇ ಮರೆತ. ಕಾಯಿದೆ ಮಾತ್ರ ಇಪ್ಪತ್ತೆರಡು ವರ್ಷ ನಡೆಯಿತು.

ಅದಕ್ಕೆ ಒಂದೇ ಒಂದು ವಿನಾಯಿತಿ ಇತ್ತು, ಸೊಸೆಯ ಹೊಲಿಗೆ ಮಿಷನ್ನು. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಶಾಲೆಯ ಯೂನಿಫಾರ್ಮು, ಕಿಟಕಿಯ ಪರದೆ, ಗಂಡಸರ ಪ್ಯಾಂಟು ಗಿಡ್ಡ ಮಾಡುವುದು, ಬಂದದ್ದಕ್ಕೆಲ್ಲ ಅವಳು ಸೈ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಅವಳ ಕಾಲುಮಿಷನ್ನು, ಹಿಂದಿನ ಕೋಣೆಯಲ್ಲಿ ಗಂಡನ ಮಂಚ, ನಡುವೆ ಒಂದು ತೆಳ್ಳನೆಯ ಗೋಡೆ. ಮನೆಯ ಅರ್ಧ ಖರ್ಚು ಹೊಲಿಗೆಯಿಂದಲೇ ನಡೆಯುತ್ತಿದ್ದುದರಿಂದ ಅತ್ತೆಯ ಕಾಯಿದೆ ಮಿಷನ್ನಿನ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆದರೂ ಟೈಲರಮ್ಮನಿಗೆ ಅಳುಕು ತಪ್ಪಿದ್ದಲ್ಲ. ಮಿಷನ್ನಿನ ಕಾಲುಗಳ ಕೆಳಗೆ ಕಂಬಳಿಯ ತುಂಡುಗಳನ್ನು ಮಡಿಸಿ ಇಟ್ಟಿದ್ದಳು. ತನ್ನ ದೆಸೆಯಿಂದ ಗಂಡನ ನಿದ್ದೆ ಅರೆಬರೆಯಾಗುತ್ತಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಮನಸ್ಸಿನಲ್ಲೇ ಕ್ಷಮೆ ಕೇಳುತ್ತ ಹೊಲಿಯುತ್ತಿದ್ದಳು. ಅವನು ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ತಪ್ಪದೆ ಎದ್ದು, ನೀರು ಕುಡಿದು, ಮತ್ತೆ ಹೋಗಿ ಮಲಗುತ್ತಿದ್ದ. ಅನ್ನದ ಪರಿಮಳಕ್ಕೆ ಅವನಿಗೆ ಎಚ್ಚರವಾಗುತ್ತದೆ, ಚಿಕ್ಕಂದಿನಿಂದಲೂ ಹಾಗೇ ಎಂದು ಅತ್ತೆ ಹೇಳುತ್ತಿದ್ದರು.

ಇಂಥ ಮನೆಗೆ ಡ್ರಮ್ ಸೆಟ್ಟು ತಂದವಳು ಮಗಳು. ಹುಟ್ಟಿದಾಗಿನಿಂದ ಪಿಸುಗುಟ್ಟಿಯೇ ಬೆಳೆದ ಹುಡುಗಿ ಅವಳು. ಶಾಲೆಯಲ್ಲಿ ಹಾಜರಿ ಕೂಗಿದಾಗ ಇವಳು ಓಗೊಟ್ಟದ್ದು ಕೇಳಿಸದೆ ಎಷ್ಟೋ ಸಲ ಗೈರುಹಾಜರಿ ಬಿದ್ದದ್ದುಂಟು. ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಸಿಕ್ಕಿದ್ದೇ ತಡ, ಯಾರೋ ಮಾರಲಿಟ್ಟಿದ್ದ ಹಳೆಯ ಸೆಟ್ಟನ್ನು ತಂದು ಮುಂದಿನ ಕೋಣೆಯ ಮೂಲೆಯಲ್ಲಿ ಜೋಡಿಸಿದಳು. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕಲಿಸುವ ಮೇಷ್ಟ್ರಿಗೆ ಅರ್ಧ ವರ್ಷದ ಫೀಸನ್ನು ಮುಂಗಡವಾಗಿ ಕಟ್ಟಿಯೂ ಬಂದಳು. ಅಜ್ಜಿ ದೊಡ್ಡ ಮನಸ್ಸು ಮಾಡಿ ಭಾನುವಾರ ಸಂಜೆ, ಮಗ ಎದ್ದ ಮೇಲೆ, ಅವನ ಚಹಾ ಮುಗಿಯುವಷ್ಟು ಹೊತ್ತು ಬಾರಿಸಲು ಅಪ್ಪಣೆ ಕೊಟ್ಟರು. ಆ ಹೊತ್ತಿನಲ್ಲಿ ತಾವು ಕಿವಿಗೆ ಹತ್ತಿ ತುರುಕಿಕೊಂಡು ಎದುರಿಗೇ ಕೂರುತ್ತಿದ್ದರು. ವಾರಕ್ಕೊಂದು ಲೋಟ ಚಹಾದಷ್ಟು ಅಭ್ಯಾಸದಲ್ಲಿ ಯಾರು ಏನು ಕಲಿತಾರು? ಕೆಲವು ತಿಂಗಳ ಮೇಲೆ ಮಗಳು ಸೆಟ್ಟಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದಳು. ಯಾಕೆ ಎಂದು ಕೇಳಿದರೆ ಆಸಕ್ತಿ ಹೋಯಿತು ಎಂದಳು. ಇಸ್ತ್ರಿ ಮಾಡಿದ ಬಟ್ಟೆ ಇಡಲು ಒಳ್ಳೆಯ ಜಾಗವಾಯಿತು ಎಂದು ಅತ್ತೆಗೆ ಸಮಾಧಾನವಾಯಿತು.

ಟೈಲರಮ್ಮನಿಗೆ ಮಾತ್ರ ಕಟ್ಟಿದ ಫೀಸು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಒಂದು ಸಂಜೆ ದಾರದ ಅಂಗಡಿಗೆ ಹೋದವಳು ಹಾಗೆಯೇ ಶೆಡ್ಡಿಗೂ ಹೋದಳು. ಮೇಷ್ಟ್ರು ಎಂದರೆ ಗಡ್ಡದ ಯುವಕ, ಹೋಟೆಲುಗಳಲ್ಲಿ ಹಾಡುವ ತಂಡವೊಂದರಲ್ಲಿ ಬಾರಿಸುವವನು. ಮಗಳು ಬರುವುದಿಲ್ಲ, ಉಳಿದ ಫೀಸು ವಾಪಸ್ ಕೊಡಿ ಎಂದು ಅವಳು ತನ್ನ ಎಂದಿನ ಪಿಸುದನಿಯಲ್ಲಿ ಕೇಳಿದಳು. ಅವನಿಗೆ ಎರಡು ಸಲ ಹೇಳಬೇಕಾಯಿತು.

"ವಾಪಸ್ ಕೊಡೋ ಪದ್ಧತಿ ಇಲ್ಲ ಆಂಟಿ," ಎಂದ ಅವನು. "ಬೇಕಾದ್ರೆ ಮನೇಲಿ ಬೇರೆ ಯಾರಾದ್ರೂ ಬಂದು ಕಲೀಬಹುದು."

"ಮನೇಲಿ ಎದ್ದಿರೋದು ನಾನು, ನಮ್ಮತ್ತೆ."

"ಇಬ್ಬರಲ್ಲಿ ಯಾರು ಬಂದರೂ ಸರಿ."

ಅವನು ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ, ಕೊಟ್ಟ ಕಾಸು ನೀರಿಗೆ ಹೋಗಬಾರದೆಂಬ ಹಟದಲ್ಲಿ ಟೈಲರಮ್ಮ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಒಂದು ದಿನ ಕೂತು ನೋಡಿ, ಇದು ನನ್ನಿಂದಾಗದು ಎಂದು ಹೇಳಿ ಎದ್ದರೆ ಲೆಕ್ಕ ಚುಕ್ತವಾಯಿತು ಎಂದು ಅವಳ ಎಣಿಕೆ. ಮೇಷ್ಟ್ರು ಅವಳಿಗೆ ಮೊದಲ ಪಾಠ ತೋರಿಸಿದ. ಬಾಯಲ್ಲಿ ಒಂದು ಎರಡು ಮೂರು ನಾಲ್ಕು ಎಣಿಸುತ್ತಿರಬೇಕು. ಬಲಗೈಯ ಕೋಲು ಕಂಬಿಗೆ ಸಿಕ್ಕಿಸಿದ ಜೋಡಿ ಹಿತ್ತಾಳೆ ತಟ್ಟೆಗಳ ಮೇಲೆ ಬಿಡದೆ ಆಡುತ್ತಿರಬೇಕು. ಒಂದಕ್ಕೂ ಮೂರಕ್ಕೂ ಬಲಗಾಲು ಪೆಡಲು ಒತ್ತಿ ನೆಲದ ಮೇಲಿನ ದೊಡ್ಡ ಡ್ರಮ್ಮನ್ನು ಗುಮ್ಮಬೇಕು. ಎರಡಕ್ಕೂ ನಾಲ್ಕಕ್ಕೂ ಎಡಗೈ ಮುಂದಿರುವ ಸಣ್ಣ ಡ್ರಮ್ಮಿಗೆ ಬೀಳಬೇಕು. ಹೊಸಬರಿಗೆ ಮೊದಲು ಕೈಕೊಡುವುದೇ ಕಾಲು. ಇವಳ ಕಾಲಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮೇಷ್ಟ್ರು ಗಡ್ಡ ಕೆರೆದುಕೊಂಡು, ಮೊದಲು ಎಲ್ಲಾದರೂ ಕಲಿತಿದ್ದೀರಾ ಎಂದು ಕೇಳಿದ.

ಆದರೆ ಅವಳಿಗೊಂದು ರೋಗವಿತ್ತು. ಎಲ್ಲೋ ಒಂದು ಏಟು ತಪ್ಪಿದ ಕೂಡಲೇ ಕೈಕಾಲು ಒಟ್ಟಿಗೆ ನಿಂತುಬಿಡುತ್ತಿದ್ದವು. ಮತ್ತೆ ಮೊದಲಿನಿಂದ, ಒಂದರಿಂದ. ಮತ್ತೆ ತಪ್ಪುವುದು, ಮತ್ತೆ ನಿಲ್ಲುವುದು.

"ಯಾಕೆ ನಿಲ್ಲಿಸಿದ್ರಿ?" ಎಂದು ಮೇಷ್ಟ್ರು ಕೇಳಿದ.

"ತಪ್ಪಾಯ್ತಲ್ಲ. ಬಿಚ್ಚಬೇಕಲ್ಲ?"

ಅವನಿಗೆ ತಲೆಬುಡ ತಿಳಿಯಲಿಲ್ಲ. ಹೊಲಿಗೆ ಸೊಟ್ಟಗಾದರೆ ಮುಂದೆ ಹೋಗಬಾರದು, ಅಲ್ಲೇ ನಿಲ್ಲಿಸಿ, ಬ್ಲೇಡಿನಿಂದ ದಾರ ಬಿಡಿಸಿ, ಕೆಟ್ಟ ಜಾಗದಿಂದಲೇ ಮತ್ತೆ ಹೊಲಿಯಬೇಕು, ಸೊಟ್ಟ ಹೊಲಿಗೆಯ ಮೇಲೆ ಮುಂದೆ ಹೋದವಳನ್ನು ಟೈಲರು ಅನ್ನುವುದಿಲ್ಲ ಎಂದು ಅವಳು ವಿವರಿಸಿದಳು.

"ಇಲ್ಲಿ ಬಿಚ್ಚೋದು ಅಂತ ಇಲ್ಲ ಆಂಟಿ," ಎಂದ ಅವನು. "ತಪ್ಪಿದ ಏಟು ತಪ್ಪಿತು. ನೀವು ಮುಂದೆ ಹೋಗ್ತಾ ಇರಿ. ಡ್ರಮ್ಮಿನೋರು ನಿಂತರೆ ಹಾಡೋರೆಲ್ಲ ಬಾಯಿ ಬಿಟ್ಕೊಂಡು ನಿಲ್ಲಬೇಕಾಗುತ್ತೆ."

ಈ ಮಾತು ಅವಳ ಮೈಗೆ ಹತ್ತಲಿಲ್ಲ. ಆದರೆ ಆ ದಿನ ಎದ್ದು ಬರುವಾಗ, ಇದು ನನ್ನಿಂದಾಗದು ಎಂದು ಹೇಳುವುದನ್ನೂ ಮರೆತುಬಿಟ್ಟಿದ್ದಳು. ಮುಂದಿನ ವಾರ ಮತ್ತೆ ಹೋದಳು. ಅದರ ಮುಂದಿನ ವಾರವೂ ಹೋದಳು. ದಾರದ ಅಂಗಡಿಯವನು, ಇಷ್ಟು ದಾರ ಏನು ಮಾಡುತ್ತೀರಿ ಎಂದು ಕೇಳುವಂತಾಯಿತು.

ಮನೆಯಲ್ಲಿ ನಿಜವಾದ ಡ್ರಮ್ಮನ್ನು ಮುಟ್ಟುವ ಮಾತೇ ಇಲ್ಲ. ಹಳೆಯ ರಬ್ಬರ್ ಚಪ್ಪಲಿಯ ಅಟ್ಟೆಯನ್ನು ಹಲಗೆಗೆ ಅಂಟಿಸಿಕೊಂಡು, ಮಧ್ಯಾಹ್ನ ಊಟವಾದ ಮೇಲೆ ಮಿಷನ್ನಿನ ಪಕ್ಕದಲ್ಲೇ ಕೂತು ಅದರ ಮೇಲೆ ಬಾರಿಸುತ್ತಿದ್ದಳು. ಕಾಲಿಗೆ ಕಂಬಳಿ ತುಂಡು. ಪಕ್ಕದಲ್ಲಿ ನಿಂತವರಿಗೂ ಕೇಳಿಸದಷ್ಟು ಮೆತ್ತಗಿನ ಸದ್ದು. ಮೊದಮೊದಲು ಅರ್ಧ ಗಂಟೆ ಎಂದುಕೊಂಡದ್ದು ಗಂಟೆಯಾಯಿತು, ಗಂಟೆ ಮೇಲೂ ಆಯಿತು. ಬೆಳಗ್ಗೆ ಎದ್ದಾಗಲೇ ಮಧ್ಯಾಹ್ನಕ್ಕೆ ಕಾಯುವುದು ರೂಢಿಯಾಯಿತು. ಗಿರಾಕಿಗಳ ಅಳತೆ ತೆಗೆಯುವಾಗಲೂ ಬಲಗಾಲು ನೆಲದ ಮೇಲೆ ತಾನಾಗಿಯೇ ಎಣಿಸುತ್ತಿತ್ತು. ಅವಳು ಖುಷಿಯಾಗಿದ್ದಳು. ಅದನ್ನು ಯಾರ ಹತ್ತಿರ ಹೇಳಬೇಕೆಂದು ತಿಳಿಯದೆ, ಹೇಳದೆ ಸುಮ್ಮನಿದ್ದಳು.

ಕತ್ತರಿಯ ಡ್ರಾಯರಿನಲ್ಲಿ ಡ್ರಮ್ಮಿನ ಕೋಲುಗಳನ್ನು ಮೊದಲು ಕಂಡವಳು ಮಗಳು. ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಬಂದವಳ ಮುಖ ಬಿಗಿಯಾಯಿತು. ತಂದೆ ಆಗಷ್ಟೇ ಮಲಗಿದ್ದರಿಂದ ಜಗಳ ಪಿಸುದನಿಯಲ್ಲೇ ನಡೆಯಿತು.

"ನಾನು ಅರ್ಧಕ್ಕೆ ಬಿಟ್ಟೆ ಅಂತ ಹಂಗಿಸೋಕೆ ತಾನೆ ಇದು?"

"ಫೀಸು ವ್ಯರ್ಥ ಆಗಬಾರದು ಅಂತ ಕಣೇ."

"ಹಂಗಿಸೋದು ಅಂದ್ರೆ ಅದೇ ಅಮ್ಮ. ನಿನ್ನ ಕೈಲಿ ಆಗದ್ದನ್ನ ನಾನು ಮಾಡಿ ತೋರಿಸ್ತೀನಿ ನೋಡು ಅನ್ನೋದು."

ಟೈಲರಮ್ಮ ಗುಂಡಿಗೆ ದಾರ ಸುತ್ತುತ್ತ ಕೂತಳು. ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೊದಲ ದಿನ ಶೆಡ್ಡಿನ ಸ್ಟೂಲಿನ ಮೇಲೆ ಕೂತಾಗ, ನೋಡಲಿ ಇವಳು, ಎಂಬ ಒಂದು ಚೂರು ಹಟ ಮನಸ್ಸಿನಲ್ಲಿತ್ತು. ಈಗ ಆ ಹಟ ಎಲ್ಲಿ ಹೋಯಿತೋ ಅವಳಿಗೇ ತಿಳಿಯದು. ಈಗ ಬಾರಿಸುವುದು ಸುಮ್ಮನೆ ಇಷ್ಟವಾಗಿತ್ತು. ಆದರೆ ಮದುವೆ ವಯಸ್ಸಿಗೆ ಬಂದ ಮಗಳ ಎದುರಿಗೆ, ನನಗೆ ಡ್ರಮ್ಮು ಬಡಿಯುವುದೆಂದರೆ ಇಷ್ಟ ಎಂದು ಹೇಳಲು ನಾಲಿಗೆ ಏಳಬೇಕಲ್ಲ? ಫೀಸಿನ ಮಾತನ್ನೇ ಇನ್ನೊಮ್ಮೆ ಹೇಳಿದಳು. ಮಗಳು ಅರ್ಧ ಹಾಕಿದ ಗುಂಡಿಯ ಅಂಗಿಯನ್ನೇ ಕಿತ್ತುಕೊಂಡು, ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡು ಹೋದಳು. ಬಾಗಿಲನ್ನು ದಢಾರನೆ ಬಡಿಯುವ ಸುಖವೂ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅದೇ ವಾರಗಳಲ್ಲಿ ಗಂಡನ ನಿದ್ದೆ ಕೆಟ್ಟಿತು. ಮಧ್ಯಾಹ್ನ ನೀರಿಗೆ ಎದ್ದವನು ಮತ್ತೆ ಮಲಗಿದರೂ ಹೊರಳಾಡುತ್ತಿದ್ದ. ಕೊನೆಗೆ ಮಂಚದ ಅಂಚಿನಲ್ಲಿ ಕೂತು ಅಂಗೈ ನೋಡಿಕೊಳ್ಳುತ್ತಿದ್ದ. ಯಾಕೆ ಎಂದು ತಾಯಿ ಕೇಳಿದರೆ, ಯಾಕೋ ಎಚ್ಚರವಾಗುತ್ತದೆ ಎಂದಷ್ಟೇ ಹೇಳುತ್ತಿದ್ದ. ಮಾತು ಕಡಿಮೆಯ ಮನುಷ್ಯ, ಹಿಟ್ಟಿನ ಜೊತೆ ರಾತ್ರಿಯೆಲ್ಲ ಕಳೆದು ಅವನಿಗೆ ಮನುಷ್ಯರೊಂದಿಗೆ ಆಡಲು ಹೆಚ್ಚೇನೂ ಉಳಿದಿರಲಿಲ್ಲ. ಕಣ್ಣು ಕೆಂಪಗಾಗಿ, ಊಟ ಸೇರದಾಯಿತು. ಒಂದು ಬೆಳಗ್ಗೆ ಬ್ರೆಡ್ಡಿನ ಪೊಟ್ಟಣದ ಬದಲು ಮೊಣಕೈವರೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದ. ಟ್ರೇ ಎಳೆಯುವಾಗ ತೂಕಡಿಸಿ, ಕಾದ ಒಲೆಯ ಬಾಗಿಲಿಗೆ ಕೈ ಒತ್ತಿಬಿಟ್ಟಿದ್ದ. ಇನ್ನೊಮ್ಮೆ ಹೀಗಾದರೆ ಒಲೆಯ ಹತ್ತಿರ ನಿಲ್ಲಿಸುವುದಿಲ್ಲ ಎಂದು ಬೇಕರಿಯ ಮಾಲೀಕ ಹೇಳಿದ್ದನಂತೆ. ಆ ಒಲೆಯ ಮುಂದೆಯೇ ಅವನ ಆಯಸ್ಸು ಕಳೆದಿತ್ತು, ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಅತ್ತೆಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ಸೊಸೆ ಮಧ್ಯಾಹ್ನ ಚಪ್ಪಲಿಯ ಅಟ್ಟೆ ಬಡಿಯುವುದನ್ನು ಅವರು ಮೊದಲಿನಿಂದಲೂ ನೋಡಿಕೊಂಡೇ ಬಂದಿದ್ದರು. ಅಡುಗೆ ಕಟ್ಟೆಯ ಹತ್ತಿರ ಸೊಸೆಯನ್ನು ನಿಲ್ಲಿಸಿಕೊಂಡು ಹೇಳಿದರು.

"ಆ ಡ್ರಮ್ಮೇ ಕಣಮ್ಮ. ನೀನು ಶುರು ಮಾಡಿದ ಮೇಲೇ ಇದೆಲ್ಲ."

"ಅತ್ತೆ, ನಾನು ಬಡಿಯೋದು ಚಪ್ಪಲಿ ಮೇಲೆ. ನಿಮಗೇ ಕೇಳಿಸಲ್ಲ."

"ನನಗೆ ಕೇಳಿಸದಿದ್ರೆ ಆಯ್ತಾ? ನಾನು ಕೂತಿರ್ತೀನಿ. ಅವನು ಮಲಗಿರ್ತಾನೆ, ಕಿವಿ ನೆಲಕ್ಕೆ ಹತ್ತಿರ ಇರುತ್ತೆ."

ಈ ವಾದಕ್ಕೆ ಯಾವ ವಕೀಲನಾದರೂ ಉತ್ತರ ಕೊಟ್ಟಾನೆಯೇ? ಬೇರೆ ಸಮಯವಾಗಿದ್ದರೆ ಟೈಲರಮ್ಮನಿಗೆ ನಗು ಬರುತ್ತಿತ್ತು. ಈಗ ಬ್ಯಾಂಡೇಜು ಕಣ್ಣಿಗೆ ಕಟ್ಟಿತ್ತು. ಎರಡು ಕೋಲುಗಳ ಆಸೆಗೆ ಗಂಡನ ಕೈ ಸುಡಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಸಂಜೆಯೇ ಶೆಡ್ಡಿಗೆ ಹೋಗಿ ಇನ್ನು ಬರುವುದಿಲ್ಲ ಎಂದು ಹೇಳಿ ಬಂದಳು. ಮೇಷ್ಟ್ರು ಏನನ್ನೋ ಹೇಳಲು ಬಾಯಿ ತೆರೆದವನು, ಅವಳ ಮುಖ ನೋಡಿ, ಆಗಲಿ ಆಂಟಿ ಎಂದ. ಮನೆಗೆ ಬಂದು ಮಗಳಿಗೆ, ನಿನ್ನ ಸೆಟ್ಟನ್ನು ಯಾರಿಗಾದರೂ ಕೊಟ್ಟುಬಿಡು, ಕಣ್ಣೆದುರು ಇರುವುದು ಬೇಡ ಎಂದಳು. ಮಗಳು ಹೂಂ ಎಂದಳು. ಅಂಗಡಿಯ ಗೆಳತಿಯ ತಂಡಕ್ಕೆ ಬೇಕಾಗಿತ್ತು, ಮುಂದಿನ ರಜೆಯ ದಿನ ವ್ಯಾನು ತಂದು ಒಯ್ಯುತ್ತಾಳೆ ಎಂದು ಮಾತಾಯಿತು.

ಟೈಲರಮ್ಮ ಪ್ರಾಯಶ್ಚಿತ್ತಕ್ಕೆ ಕೂತವಳಂತೆ ಹೊಲಿದಳು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ಗಂಡ ಎದ್ದ ಮೇಲೆಯೇ ಅವನ ಜೊತೆ ಕೂತು ಉಂಡಳು. ಏನಾಶ್ಚರ್ಯ ಎಂದರೆ ಗಂಡನ ನಿದ್ದೆ ಸರಿಹೋಯಿತು. ಸರಿಹೋದದ್ದೇನು, ಮಧ್ಯಾಹ್ನ ನೀರಿಗೂ ಏಳದೆ ಕೊರಡಿನ ಹಾಗೆ ಮಲಗತೊಡಗಿದ. ಅತ್ತೆ ಬಾಗಿಲಲ್ಲಿ ನಿಂತು, ಮಗನ ಗೊರಕೆಯ ಕಡೆ ಗದ್ದದಿಂದ ಸನ್ನೆ ಮಾಡಿ, ಸೊಸೆಯನ್ನು ನೋಡಿದರು. ಚಪ್ಪಲಿಯ ಅಟ್ಟೆಯನ್ನು ಕಸದ ಬುಟ್ಟಿಗೆ ಹಾಕುವಾಗ ಅವಳಿಗೆ ಅಳು ಬಂತು. ಹರಿದ ಚಪ್ಪಲಿಗೆ ಅಳುವವಳು ಊರಲ್ಲಿ ತಾನೊಬ್ಬಳೇ ಎಂದು ನಗುವೂ ಬಂತು. ಆದರೆ ಹೆಚ್ಚು ಬಂದದ್ದು ಅಳುವೇ.

ಮಗಳ ರಜೆಯ ದಿನ ಬಂತು. ಮಧ್ಯಾಹ್ನದ ಮೇಲೆ ವ್ಯಾನು ಬರುವುದಿತ್ತು. ಮಗಳು ಬೆಡ್‌ಶೀಟು ತೆಗೆದು, ಇಸ್ತ್ರಿ ಬಟ್ಟೆಗಳನ್ನು ಬೆಂಚಿಗೆ ಸಾಗಿಸಿ, ಚಿಂದಿ ಬಟ್ಟೆಯಿಂದ ತಟ್ಟೆಗಳ ಧೂಳು ಒರೆಸುತ್ತಿದ್ದಳು. ಆ ತಟ್ಟೆಗಳು ಒರೆಸಿದರೂ ಗುಂಯ್ ಎನ್ನುವಂಥವು. ಸದ್ದು ಬರದಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಟೈಲರಮ್ಮ ಆ ಕಡೆ ನೋಡಬಾರದೆಂದು ಪರದೆಯ ಉದ್ದನೆಯ ಅಂಚನ್ನು ಹೊಲಿಯುತ್ತಿದ್ದಳು. ಅಷ್ಟರಲ್ಲಿ ಮಿಷನ್ನಿನ ಬೆಲ್ಟು ಫಟ್ಟೆಂದು ಹರಿದು ಕಾಲ ಮೇಲೆ ಬಿತ್ತು. ಚಕ್ರ ನಿಂತಿತು. ಹರಿದ ತುದಿಗಳನ್ನು ಹಿಡಿದು ನೋಡಿದಳು. ಗಂಟು ಹಾಕಲೂ ಬಾರದಷ್ಟು ಸವೆದಿತ್ತು, ಹೊಸತೇ ಬೇಕು. ಅವಳು ಡ್ರಾಯರುಗಳಲ್ಲಿ ಹುಡುಕಿದಳು. ಡ್ರಮ್ಮನ್ನು ಯಾರೂ ಮುಟ್ಟಿರಲಿಲ್ಲ, ಮನೆಯಲ್ಲಿ ಒಂದು ಪಿಟ್ಟೆಂಬ ಸದ್ದಿಲ್ಲ.

ಗೋಡೆಯಾಚೆ ಮಂಚ ಕಿರುಗುಟ್ಟಿತು. ಗಂಡ ಕೆದರಿದ ಕೂದಲಲ್ಲಿ ಬಂದು ಬ್ಯಾಂಡೇಜಿನ ಕೈಯಲ್ಲಿ ಬಾಗಿಲು ಹಿಡಿದು ನಿಂತ. ಅಡುಗೆಮನೆಯಿಂದ ಅತ್ತೆಯೂ ಬಂದರು.

"ಏನಾಯ್ತು?" ಎಂದ ಅವನು.

"ಏನೂ ಇಲ್ಲರೀ, ಮಲಕ್ಕೊಳ್ಳಿ," ಎಂದು ಟೈಲರಮ್ಮ ಪಿಸುಗುಟ್ಟಿದಳು.

"ಮತ್ತೆ ಯಾಕೆ ನಿಲ್ಲಿಸಿದೆ?"

"ಏನನ್ನ?"

"ಮಿಷನ್ನು."

ಅವಳಿಗೆ ಅರ್ಥವಾಗಲಿಲ್ಲ. ಬೆಲ್ಟಿನ ತುಂಡನ್ನು ಎತ್ತಿ ತೋರಿಸಿದಳು. ಅವನು ಅದನ್ನು ನೋಡಿ ಸಮಾಧಾನವಾದವನಂತೆ ತಲೆಯಾಡಿಸಿ, ಮಿಷನ್ನು ನಿಂತರೆ ನಿಮಗೇನು ಎಂದು ಅವಳು ಕೇಳಿದ್ದಕ್ಕೆ, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವವನ ಹಾಗೆ ಹೇಳಿದ. ಬೇಕರಿಯಲ್ಲಿ ಬಿಡುವಿದ್ದಾಗ ಹಿಟ್ಟಿನ ಮೂಟೆಗಳ ಮೇಲೆ ಮಲಗುತ್ತಾರೆ. ಕಿವಿಯ ಪಕ್ಕದಲ್ಲೇ ಯಂತ್ರ ಗಡಗಡ ಎನ್ನುತ್ತಿರುತ್ತದೆ, ಚೆನ್ನಾಗಿ ನಿದ್ದೆ ಬರುತ್ತದೆ. ಅದು ನಿಂತಿತೋ, ಎಲ್ಲರೂ ಒಟ್ಟಿಗೆ ಎದ್ದು ಕೂರುತ್ತಾರೆ. ಕಲಸುವ ಯಂತ್ರ ನಡುವೆ ನಿಂತರೆ ಹಿಟ್ಟು ಕೆಟ್ಟಿತೆಂದೇ ಲೆಕ್ಕ, ಓಡಿಹೋಗಿ ನೋಡಬೇಕು.

"ಇಲ್ಲೂ ಅಷ್ಟೆ," ಎಂದ. "ನೀನು ಹೊಲೀತಾ ಇದ್ರೆ ನನಗೆ ನಿದ್ದೆ. ದಾರ ಪೋಣಿಸೋವಷ್ಟು ಹೊತ್ತು ನಿಂತರೆ ಪರವಾಗಿಲ್ಲ, ಅದು ನಿದ್ದೇಲೂ ಗೊತ್ತಾಗುತ್ತೆ. ಅದಕ್ಕಿಂತ ಜಾಸ್ತಿ ನಿಂತರೆ, ಏನಾಯ್ತೋ ಅಂತ ಎಚ್ಚರ ಆಗುತ್ತೆ. ನಡುವೆ ಒಂದಷ್ಟು ದಿನ ಮಧ್ಯಾಹ್ನ ಪೂರ್ತಿ ನಿಲ್ಲಿಸ್ತಿದ್ದೆಯಲ್ಲ."

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿದರು. ಅವರ ಧ್ವನಿ ಇನ್ನೂ ಪಿಸುಮಾತಿನಲ್ಲೇ ಇತ್ತು. "ಹಾಗಾದ್ರೆ ಆ ಬಕೆಟ್ಟು?"

"ಯಾವ ಬಕೆಟ್ಟು ಅಮ್ಮ?"

ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಆಕಳಿಸಿ, ರಾತ್ರಿ ಒಲೆಯ ಮುಂದೆ ನಿಲ್ಲಬೇಕು, ಇನ್ನೊಂದಿಷ್ಟು ಮಲಗಿದ್ದರೆ ಚೆನ್ನಾಗಿತ್ತು, ಆ ಬೆಲ್ಟು ಎಷ್ಟು ಹೊತ್ತಿಗೆ ಸರಿಯಾದೀತು ಎಂದು ಕೇಳಿದ. ಟೈಲರಮ್ಮ ಬೆಲ್ಟನ್ನು ಕೆಳಗಿಟ್ಟಳು. ನೀವು ಹೋಗಿ ಮಲಗಿ ಎಂದಳು. ಕತ್ತರಿಯ ಡ್ರಾಯರಿನಿಂದ ಕೋಲುಗಳನ್ನು ತೆಗೆದುಕೊಂಡು, ಮಗಳನ್ನು ದಾಟಿ ಹೋಗಿ ಡ್ರಮ್ಮಿನ ಸ್ಟೂಲಿನ ಮೇಲೆ ಕೂತಳು. ಒಂದು, ಎರಡು ಎಂದು ಎಣಿಸಿ ಬಲಗಾಲನ್ನು ಒತ್ತಿಯೇಬಿಟ್ಟಳು.

ಆ ಮನೆ ಅಂಥ ಸದ್ದನ್ನು ಹಗಲು ಹೊತ್ತಿನಲ್ಲಿ ಕೇಳಿದ್ದೇ ಇಲ್ಲ. ಕಿಟಕಿಯ ಗಾಜು ಅದುರಿತು, ಬೆಂಚಿನ ಮೇಲಿನ ಬಟ್ಟೆಯ ರಾಶಿ ಜಾರಿ ಬಿತ್ತು, ಅತ್ತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಿಂತಲ್ಲೇ ಕುಸಿದು ಕೂತರು. ಟೈಲರಮ್ಮ ಕಣ್ಣು ಮಾತ್ರ ಗಂಡನ ಮೇಲಿಟ್ಟು ಬಾರಿಸಿದಳು. ಬೆಕ್ಕಸ ಬೆರಗಾಗಿ ನೋಡಿದ ಗಂಡ ಅವಳ ಕಾಲನ್ನು ನೋಡಿದ, ಕೈಯನ್ನು ನೋಡಿದ, ಇನ್ನೊಮ್ಮೆ ಆಕಳಿಸಿದ, ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಏಟಿಗೂ ಏಟಿಗೂ ನಡುವೆ ಅವನ ಗೊರಕೆ ಕೇಳಿಸತೊಡಗಿತು.

ಮಗಳು ಚಿಂದಿ ಬಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ತುಟಿ ಅಲುಗಿತು. ಏನೋ ಹೇಳಿದಳು.

"ಏನು?" ಎಂದಳು ತಾಯಿ.

ಮಗಳ ತುಟಿ ಮತ್ತೆ ಅಲುಗಿತು.

"ಕೇಳಿಸ್ತಿಲ್ಲ ಕಣೇ, ಜೋರಾಗಿ ಹೇಳು."

ಆ ಮನೆಯಲ್ಲಿ ಅವಳಿಗೆ ಯಾರೂ ಯಾವತ್ತೂ ಹೇಳದ ಮಾತು ಅದು. ಮಗಳು, ಹಾಗಾದರೆ ನಾನು ಬಿಟ್ಟದ್ದು ಯಾಕೆ ಎಂದು ಕೇಳಿದಳು. ಕೇಳಿದ್ದು ಬೀದಿಯ ಆಚೆ ಬದಿಗೂ ಕೇಳಿಸಿರಬೇಕು. ತನ್ನ ಧ್ವನಿ ಅಷ್ಟು ದೊಡ್ಡದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಒಮ್ಮೆ ಕಟ್ಟೆ ಒಡೆದ ಮೇಲೆ ತಡೆಯುವವರು ಯಾರು? ಗೈರುಹಾಜರಿಯ ವಿಷಯ ಬಂತು. ಹುಟ್ಟುಹಬ್ಬಕ್ಕೆ ಗೆಳತಿಯರನ್ನು ಒಮ್ಮೆಯೂ ಕರೆಯದ ವಿಷಯ ಬಂತು. ಜ್ವರ ಬಂದಾಗ ನರಳಿದ್ದಕ್ಕೆ ಅಜ್ಜಿ ಬಾಯಿಗೆ ಬೆರಳಿಟ್ಟು ಶ್ ಎಂದ ವಿಷಯ ಬಂತು. ಅತ್ತೆ ಕಿವಿಯಿಂದ ಕೈ ತೆಗೆದು, ನಾನು ಒಳ್ಳೆಯದಕ್ಕೇ ಮಾಡಿದ್ದು ಎಂದು ಪಿಸುಗುಟ್ಟಿದರು. ಅದು ಯಾರಿಗೂ ಕೇಳಿಸಲಿಲ್ಲ. ಅವರೂ ಜೋರಾಗಿ ಹೇಳಬೇಕಾಯಿತು, ಹೇಳುವಾಗ ಅವರ ಮುದಿ ಧ್ವನಿ ಒಡೆಯಿತು.

"ಒಬ್ಬರಾದ್ರೂ ಅಪ್ಪನ್ನ ಒಂದು ಮಾತು ಕೇಳಿದ್ರಾ?" ಎಂದಳು ಮಗಳು.

ಯಾರೂ ಕೇಳಿರಲಿಲ್ಲ. ಟೈಲರಮ್ಮನಿಗೆ ಕೋಲುಗಳನ್ನು ಎಸೆದು, ಎದ್ದು ಮಗಳನ್ನು ಅಪ್ಪಿಕೊಂಡು, ಇಪ್ಪತ್ತೆರಡು ವರ್ಷಗಳನ್ನೂ ಒಂದೊಂದೇ ಎಳೆಯಾಗಿ ಬಿಡಿಸಿ ಮತ್ತೆ ಮೊದಲಿನಿಂದ ಹೊಲಿದುಬಿಡಬೇಕು ಎನ್ನಿಸಿತು. ಕೈ ತಡವರಿಸಿತು, ಒಂದು ಏಟು ಪೂರ್ತಿ ತಪ್ಪಿತು. ಆದರೆ ನಿಲ್ಲಿಸಿದರೆ ಅವನಿಗೆ ಎಚ್ಚರವಾಗುತ್ತದೆ, ಅವನಿಗೆ ಎಚ್ಚರವಾದರೆ ಈ ಹುಡುಗಿಯ ಬಾಯಿ ಮತ್ತೆ ಮುಚ್ಚಿಹೋಗುತ್ತದೆ. ಅವಳು ನಿಲ್ಲಿಸಲಿಲ್ಲ. ಬಾಗಿಲಲ್ಲಿ ಮಗಳ ಗೆಳತಿ ಹಗ್ಗದ ಸುರುಳಿ ಹಿಡಿದು ಬಂದು ನಿಂತಳು. ಒಳಗಿನ ರಣರಂಗವನ್ನು ಒಂದಷ್ಟು ಹೊತ್ತು ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದಳು. ಅವಳು ಬಂದದ್ದನ್ನಾಗಲಿ ಹೋದದ್ದನ್ನಾಗಲಿ ಮಗಳು ಗಮನಿಸಲಿಲ್ಲ.

"ಹಂಗಿಸೋಕೆ ಕಲಿಯಲಿಲ್ಲ ಕಣೇ," ಎಂದು ಟೈಲರಮ್ಮ ಡ್ರಮ್ಮಿನ ಮೇಲಿಂದ ಕೂಗಿ ಹೇಳಿದಳು. "ನನಗೆ ಇಷ್ಟ ಆಯ್ತು. ಅಷ್ಟೆ."

"ನನಗೂ ಇಷ್ಟ ಇತ್ತಮ್ಮ."

ಟೈಲರಮ್ಮನ ಕಣ್ಣು ತುಂಬಿ ತಟ್ಟೆಗಳು ಮಸುಕಾದವು, ಎಣಿಕೆ ಮೂರರಲ್ಲಿದೆಯೋ ನಾಲ್ಕರಲ್ಲಿದೆಯೋ ತಿಳಿಯದಾಯಿತು. ಕಾಲು ಮಾತ್ರ ತನ್ನ ಪಾಡಿಗೆ ಹೋಗುತ್ತಿತ್ತು. ಮಗಳು ಚಿಂದಿ ಬಟ್ಟೆಯಲ್ಲೇ ಮೂಗು ಒರೆಸಿಕೊಂಡಳು. ಮೂಗಿನ ಮೇಲೆ ಧೂಳಿನ ಪಟ್ಟಿ ಮೂಡಿತು.

"ಎಡಗೈ ಹಿಂದೆ ಬೀಳ್ತಾ ಇದೆ, ನೋಡ್ಕೋ," ಎಂದಳು. ಅದನ್ನೂ ಅದೇ ಸಿಟ್ಟಿನಲ್ಲಿ, ಅದೇ ದೊಡ್ಡ ಧ್ವನಿಯಲ್ಲಿ ಹೇಳಿದಳು.

ಟೈಲರಮ್ಮ ಎಡಗೈಯನ್ನು ಒಂದಿಷ್ಟು ಮುಂದಕ್ಕೆ ತಂದಳು. ಒಳಗೆ ಗೊರಕೆ ನಡೆದೇ ಇತ್ತು. ಮಗಳು ಉಸಿರು ತೆಗೆದುಕೊಂಡು, ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು.